ಜ್ವರ ಬಿಟ್ಟ ಮೇಲಿನ ಎರಡು ದಿನ: ದೇಹದ ರಕ್ಷಣೆಯೇ ದೇಹಕ್ಕೆ ಮುಳುವಾಗುವ ಬಗೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳು)



ಮುಂಗಾರು ಪೂರ್ವಸಿದ್ಧತೆಯ ಅಂಗವಾಗಿ ಚರಂಡಿ ಸ್ವಚ್ಛತೆ, ಕುಡಿಯುವ ನೀರಿನ ತೊಂಬೆಗಳ ಶುಚಿತ್ವ ಮತ್ತು ಧೂಮೀಕರಣದ ಬಗ್ಗೆ ತಾವೆಲ್ಲರೂ ಪ್ರತಿ ವರ್ಷ ಸಭೆ ನಡೆಸಿ ನಿರ್ಣಯ ಕೈಗೊಳ್ಳುತ್ತೀರಿ. ಇವು ರೋಗ ಬಾರದಂತೆ ತಡೆಯುವ ಕೆಲಸಗಳು. ರೋಗ ಬಂದ ಮೇಲೆ ಅದು ವೈದ್ಯರ ವಿಷಯ, ಪಂಚಾಯತಿಗೆ ಅಲ್ಲಿ ಕೆಲಸವಿಲ್ಲ ಎಂಬುದು ನಮ್ಮಲ್ಲಿ ಅನೇಕರ ಭಾವನೆ. ನನ್ನದೂ ಅದೇ ಭಾವನೆಯಾಗಿತ್ತು. ಡೆಂಗಿಯಂತಹ ಕಾಯಿಲೆಯಲ್ಲಿ ಅದು ತಪ್ಪು ಎಂಬುದನ್ನು ಒಂದು ಘಟನೆ ನನಗೆ ಕಲಿಸಿತು. ಆ ಘಟನೆಯನ್ನೂ ಅದರ ಹಿಂದಿನ ವಿಜ್ಞಾನವನ್ನೂ ತಮ್ಮ ಮುಂದಿಡುವುದು ಈ ಪಾಠದ ಉದ್ದೇಶ.

ನಾನು ವೈದ್ಯನಲ್ಲ, ಎಂಜಿನಿಯರಿಂಗ್ ಓದಿ ಈ ಹುದ್ದೆಗೆ ಬಂದವನು. ಆದುದರಿಂದ ವೈದ್ಯಕೀಯ ವಿಷಯವನ್ನು ನಮಗೆಲ್ಲ ಪರಿಚಿತವಾದ ನಾಲೆ, ತೂಬು, ತೊಂಬೆಗಳ ಭಾಷೆಯಲ್ಲಿಯೇ ವಿವರಿಸಲು ಯತ್ನಿಸಿದ್ದೇನೆ.

1. ಒಂದು ಮನೆಯಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದಿನ ಮಳೆಗಾಲ. ನಮ್ಮ ಪಂಚಾಯತಿ ವ್ಯಾಪ್ತಿಯ ಒಂದು ಗ್ರಾಮದಲ್ಲಿ ಹತ್ತು ವರ್ಷದ ಬಾಲಕನೊಬ್ಬನಿಗೆ ಡೆಂಗಿ ದೃಢಪಟ್ಟಿತು. ವರದಿ ಬಂದ ದಿನವೇ ನಾವು ಆ ಬೀದಿಯಲ್ಲಿ ಧೂಮೀಕರಣ ಮಾಡಿಸಿದೆವು, ಮನೆಯ ಡ್ರಮ್ಮುಗಳನ್ನು ಖಾಲಿ ಮಾಡಿಸಿದೆವು, ಛಾಯಾಚಿತ್ರ ತೆಗೆದು ವರದಿ ಕಳುಹಿಸಿದೆವು. ನಮ್ಮ ಕರ್ತವ್ಯ ಮುಗಿಯಿತು ಎಂದುಕೊಂಡೆವು.

ಎರಡು ದಿನಗಳ ನಂತರ ಅದೇ ಬೀದಿಯ ಪೈಪು ದುರಸ್ತಿ ನೋಡಲು ಹೋಗಿದ್ದೆ. ಜಗಲಿಯ ಮೇಲೆ ಕುಳಿತಿದ್ದ ಹುಡುಗನ ಅಜ್ಜಿಯನ್ನು ವಿಚಾರಿಸಿದಾಗ, "ಜ್ವರ ಬುಟ್ಟದೆ ಕಣಪ್ಪ. ಸುಸ್ತಾಗಿ ಮಲಗವ್ನೆ, ಮಲಿಕ್ಕಳ್ಳಿ ಬುಡು" ಎಂದರು. ನಾನೂ ಸಮಾಧಾನಪಟ್ಟೆ. ಜೊತೆಯಲ್ಲಿದ್ದ ಆಶಾ ಕಾರ್ಯಕರ್ತೆ ಮಾತ್ರ ಒಳಗೆ ಹೋಗಿ ಹುಡುಗನ ಅಂಗೈ, ಅಂಗಾಲು ಮುಟ್ಟಿ ನೋಡಿದರು. ತಣ್ಣಗಿದ್ದವು. ಬೆಳಗಿನಿಂದ ಮೂತ್ರ ಹೋಗಿಲ್ಲವೆಂದೂ ಹೊಟ್ಟೆ ನೋಯುತ್ತಿದೆಯೆಂದೂ ಹುಡುಗ ಹೇಳಿದ. ಆಕೆ ತಡಮಾಡದೆ 108ಕ್ಕೆ ಕರೆ ಮಾಡಿದರು. ಹುಡುಗ ಬದುಕಿದ. ಇನ್ನು ಕೆಲವು ಗಂಟೆ ತಡವಾಗಿದ್ದರೆ ರಕ್ತದೊತ್ತಡ ಪೂರ್ಣವಾಗಿ ಕುಸಿಯುತ್ತಿತ್ತು ಎಂದು ವೈದ್ಯರು ತಿಳಿಸಿದರು.

ಜ್ವರವಿದ್ದಾಗ ಮನೆಯವರೆಲ್ಲ ಎಚ್ಚರದಿಂದಿದ್ದರು. ಜ್ವರ ಬಿಟ್ಟಾಗ ಎಲ್ಲರೂ ನಿಶ್ಚಿಂತರಾದರು. ಅಪಾಯ ಆರಂಭವಾದದ್ದು ಆಗಲೇ. ಇದು ಏಕೆ ಹೀಗೆ?

2. ಕಾವಲು ಹೇಗೆ ನಡೆಯುತ್ತದೆ

ವೈರಾಣು ತಾನಾಗಿಯೇ ಬೆಳೆಯಲಾರದು. ನಮ್ಮ ಜೀವಕೋಶದೊಳಗೆ ಹೊಕ್ಕು, ಅದನ್ನೇ ಕಾರ್ಖಾನೆ ಮಾಡಿಕೊಂಡು ತನ್ನ ಪ್ರತಿಗಳನ್ನು ತಯಾರಿಸುತ್ತದೆ. ಇದನ್ನು ಗುರುತಿಸಿದ ಕೂಡಲೇ ದೇಹದ ರೋಗನಿರೋಧಕ ವ್ಯವಸ್ಥೆ ಕಾರ್ಯಪ್ರವೃತ್ತವಾಗುತ್ತದೆ. ಇದು ಎರಡು ಹಂತಗಳಲ್ಲಿ ನಡೆಯುತ್ತದೆ.

ಮೊದಲನೆಯದು ಹುಟ್ಟಿನಿಂದಲೇ ಬಂದ ಕಾವಲು. ಸೋಂಕಿಗೆ ಒಳಗಾದ ಜೀವಕೋಶಗಳು ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಹೊರಸೂಸುತ್ತವೆ. ಊರಿನಲ್ಲಿ ಬೆಂಕಿ ಬಿದ್ದಾಗ ತಮಟೆ ಬಾರಿಸಿ ಜನರನ್ನು ಕರೆಯುವಂತೆ ಇವು ಬಿಳಿ ರಕ್ತಕಣಗಳನ್ನು ಕರೆಯುತ್ತವೆ. ಜ್ವರ, ಮೈಕೈ ನೋವು, ಸುಸ್ತು ಇವೆಲ್ಲ ಬಹುಮಟ್ಟಿಗೆ ಈ ಸಂದೇಶಗಳ ಪರಿಣಾಮ. ಎಂದರೆ ನಾವು ಕಾಯಿಲೆ ಎಂದು ಕರೆಯುವುದರಲ್ಲಿ ಒಂದು ಭಾಗ ವೈರಾಣುವಿನ ಕೃತ್ಯ, ಇನ್ನೊಂದು ಭಾಗ ನಮ್ಮ ದೇಹವೇ ನಡೆಸುವ ಹೋರಾಟ.

ಎರಡನೆಯದು ಕಲಿತು ಬರುವ ಕಾವಲು. ಕೆಲವು ದಿನಗಳಲ್ಲಿ ದೇಹವು ಆ ವೈರಾಣುವಿಗೇ ಹೊಂದುವ ಪ್ರತಿಕಾಯಗಳನ್ನೂ, ಸೋಂಕಿತ ಜೀವಕೋಶಗಳನ್ನು ಹುಡುಕಿ ನಾಶಪಡಿಸುವ ಟಿ-ಕೋಶಗಳನ್ನೂ ಸಿದ್ಧಪಡಿಸುತ್ತದೆ. ಕೆಲಸ ಮುಗಿದ ನಂತರ ಇವುಗಳಲ್ಲಿ ಕೆಲವು ನೆನಪಿನ ರೂಪದಲ್ಲಿ ಉಳಿಯುತ್ತವೆ. ಲಸಿಕೆಯ ತತ್ತ್ವವೂ ಇದೇ.

ಆರೋಗ್ಯವಂತ ದೇಹದಲ್ಲಿ ಈ ವ್ಯವಸ್ಥೆಗೆ ತೂಬು ಇರುತ್ತದೆ. ಅಗತ್ಯವಿದ್ದಾಗ ತೆರೆಯುತ್ತದೆ, ಕೆಲಸ ಮುಗಿದಾಗ ಮುಚ್ಚುತ್ತದೆ. ಕೆಲವೊಮ್ಮೆ ತೂಬು ಮುಚ್ಚಿಕೊಳ್ಳುವುದಿಲ್ಲ. ವೈರಾಣು ಕಡಿಮೆಯಾಗುತ್ತಿದ್ದರೂ ಸಂದೇಶಗಳು ನಿಲ್ಲುವುದಿಲ್ಲ, ಬಿಳಿ ರಕ್ತಕಣಗಳು ಮತ್ತಷ್ಟು ಬಂದು ಸೇರುತ್ತವೆ, ಆರೋಗ್ಯವಾಗಿರುವ ಭಾಗಗಳಿಗೂ ಹಾನಿಯಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮ ಹಿರಿಯರು ಹೇಳುವುದು ಇಂತಹ ಸ್ಥಿತಿಗೇ. ವೈದ್ಯರು ಇದನ್ನು ಸೈಟೊಕೈನ್ ಬಿರುಗಾಳಿ ಎನ್ನುತ್ತಾರೆ.

3. ಡೆಂಗಿಯಲ್ಲಿ ನಡೆಯುವುದೇನು

ನಮ್ಮ ಎರಡೂ ತಾಲ್ಲೂಕುಗಳು ಕಬಿನಿ, ಕಾವೇರಿ ನಾಲೆಗಳ ಸೀಮೆ. ನಾಲೆಯ ಏರಿಯಲ್ಲಿ ಸೋರಿಕೆಯಾದರೆ ಏನಾಗುತ್ತದೆಂಬುದು ತಮಗೆ ತಿಳಿದಿದೆ. ಮೇಲೆ ಬಿಟ್ಟ ನೀರು ಅಷ್ಟೇ ಇದ್ದರೂ ದಾರಿಯಲ್ಲಿ ಇಂಗಿ, ಕೊನೆಯ ಭಾಗದ ರೈತನ ಗದ್ದೆಗೆ ತಲುಪುವುದಿಲ್ಲ. ನೀರು ಸೋರಿದ ಕಡೆ ಜವುಗು, ನೀರು ಬೇಕಾದ ಕಡೆ ಒಣಗು.

ತೀವ್ರ ಡೆಂಗಿಯಲ್ಲಿ ರಕ್ತನಾಳಗಳಲ್ಲಿ ಇದೇ ನಡೆಯುತ್ತದೆ. ಮಿತಿಮೀರಿದ ಸೈಟೊಕೈನ್‌ಗಳು ಹಾಗೂ ವೈರಾಣುವಿನದೇ ಎನ್‌ಎಸ್-1 ಎಂಬ ಪ್ರೋಟೀನು ಸೇರಿ ಅತಿಸೂಕ್ಷ್ಮ ರಕ್ತನಾಳಗಳ ಒಳಪದರವನ್ನು ಸಡಿಲಗೊಳಿಸುತ್ತವೆ. ರಕ್ತಕಣಗಳು ಒಳಗೇ ಉಳಿಯುತ್ತವೆ, ಆದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹೊಟ್ಟೆಯ ಮತ್ತು ಎದೆಯ ಗೂಡಿಗೆ ಸೋರುತ್ತದೆ. ಇದರಿಂದ ಮೂರು ಪರಿಣಾಮಗಳಾಗುತ್ತವೆ.

ಮೊದಲನೆಯದು, ಉಳಿದ ರಕ್ತ ಮಂದವಾಗುತ್ತದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲಿನ ನೀರು ಆರಿದಂತೆಲ್ಲ ಪಾಕ ಗಟ್ಟಿಯಾಗುವ ಹಾಗೆ. ರಕ್ತಪರೀಕ್ಷೆಯ ವರದಿಯಲ್ಲಿ ಹಿಮಟೋಕ್ರಿಟ್ ಅಥವಾ ಪಿ.ಸಿ.ವಿ. ಎಂಬ ಅಂಕಿ ಏರುವುದು ಇದರ ಗುರುತು. ಎರಡನೆಯದು, ಕೊನೆಯ ಭಾಗಕ್ಕೆ ರಕ್ತ ತಲುಪದೆ ಕೈಕಾಲು ತಣ್ಣಗಾಗುತ್ತವೆ, ಮೂತ್ರಪಿಂಡಕ್ಕೆ ರಕ್ತ ಸಾಲದೆ ಮೂತ್ರ ಕಡಿಮೆಯಾಗುತ್ತದೆ. ಮೂರನೆಯದು, ಸೋರಿಕೆ ಮುಂದುವರಿದರೆ ರಕ್ತದೊತ್ತಡ ಕುಸಿದು ರೋಗಿ ಆಘಾತ ಸ್ಥಿತಿಗೆ ಹೋಗುತ್ತಾನೆ.

ಕಾಲದ ಲೆಕ್ಕ ಇಲ್ಲಿ ಬಹಳ ಮುಖ್ಯ. ಡೆಂಗಿ ಜ್ವರ ಸಾಮಾನ್ಯವಾಗಿ 2ರಿಂದ 7 ದಿನ ಇರುತ್ತದೆ. ಜ್ವರ ಇಳಿಯುವ ವೇಳೆಗೆ ರಕ್ತದಲ್ಲಿ ವೈರಾಣುವಿನ ಪ್ರಮಾಣ ಬಹಳ ಕಡಿಮೆಯಾಗಿರುತ್ತದೆ, ಆದರೆ ರೋಗನಿರೋಧಕ ಪ್ರತಿಕ್ರಿಯೆ ಆಗ ಉತ್ತುಂಗದಲ್ಲಿರುತ್ತದೆ. ಪ್ಲಾಸ್ಮಾ ಸೋರಿಕೆ ಸಾಮಾನ್ಯವಾಗಿ ಜ್ವರ ಆರಂಭವಾದ 3ರಿಂದ 7ನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿನಲ್ಲಿ ತೊಡಗಿ, 24ರಿಂದ 48 ಗಂಟೆ ನಡೆಯುತ್ತದೆ. ಬಹುಪಾಲು ರೋಗಿಗಳಲ್ಲಿ ಇಂತಹ ಸೋರಿಕೆ ಆಗುವುದೇ ಇಲ್ಲ, ಅವರು ನೇರವಾಗಿ ಗುಣಮುಖರಾಗುತ್ತಾರೆ. ಆಗುವ ಕೆಲವರು ಯಾರೆಂದು ಮುಂಚಿತವಾಗಿ ಹೇಳಲು ಬರುವುದಿಲ್ಲವಾದ್ದರಿಂದ ಎಲ್ಲರ ಮೇಲೂ ಆ 48 ಗಂಟೆ ನಿಗಾ ಬೇಕು.

ಈ ನಿಗಾದ ಬೆಲೆ ಎಷ್ಟೆಂಬುದನ್ನು ಒಂದೇ ಹೋಲಿಕೆ ತಿಳಿಸುತ್ತದೆ. ತೀವ್ರ ಡೆಂಗಿಗೆ ಚಿಕಿತ್ಸೆ ದೊರೆಯದಿದ್ದರೆ 100ರಲ್ಲಿ 20 ಮಂದಿಯವರೆಗೆ ಸಾಯಬಹುದು. ಸಕಾಲದಲ್ಲಿ ಸರಿಯಾದ ಆರೈಕೆ ದೊರೆತರೆ 100ರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆ ಆರೈಕೆಯ ತಿರುಳು ದುಬಾರಿ ಔಷಧಿಯಲ್ಲ, ಅಳತೆ ಮಾಡಿ ನೀಡುವ ದ್ರವ. ಅಳತೆ ಎಂಬ ಪದವನ್ನು ಗಮನಿಸಬೇಕು. ಸೋರಿದ ದ್ರವ ಚೇತರಿಕೆಯ ಹಂತದಲ್ಲಿ ಮತ್ತೆ ರಕ್ತನಾಳಕ್ಕೆ ಹಿಂದಿರುಗುತ್ತದೆ. ಮೊದಲೇ ಅತಿಯಾಗಿ ಗ್ಲೂಕೋಸ್ ಬಾಟಲಿ ಏರಿಸಿದ್ದರೆ ಆಗ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಆದ್ದರಿಂದ ಮನೆಯಲ್ಲಿಯೋ ಅಂಗಡಿಯಲ್ಲಿಯೋ ಬಾಟಲಿ ಹಾಕಿಸಿಕೊಳ್ಳುವುದು ಪರಿಹಾರವಲ್ಲ.

4. ಎರಡನೆಯ ಬಾರಿ ಏಕೆ ಹೆಚ್ಚು ಅಪಾಯ

"ಹೋದ ವರ್ಷ ಬಂದು ಹೋಗಿದೆ, ಈ ವರ್ಷ ನಮಗೆ ಬರುವುದಿಲ್ಲ" ಎಂಬ ಮಾತನ್ನು ಗ್ರಾಮಗಳಲ್ಲಿ ಕೇಳುತ್ತೇವೆ. ದಡಾರದ ವಿಷಯದಲ್ಲಿ ಈ ಮಾತು ಸರಿ. ಡೆಂಗಿಯ ವಿಷಯದಲ್ಲಿ ಇದು ತಪ್ಪು ಮಾತ್ರವಲ್ಲ, ಅಪಾಯಕಾರಿ.

ಡೆಂಗಿ ವೈರಾಣುವಿನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆಯ ಸೋಂಕು ಬಂದು ಹೋದರೆ ಆ ಬಗೆಯ ವಿರುದ್ಧ ದೀರ್ಘಕಾಲದ ರಕ್ಷಣೆ ದೊರೆಯುತ್ತದೆ. ಉಳಿದ ಮೂರರ ವಿರುದ್ಧ ದೊರೆಯುವ ರಕ್ಷಣೆ ಅಲ್ಪಕಾಲದ್ದು. ಅದು ಕಳೆದ ಮೇಲೆ ಬೇರೊಂದು ಬಗೆ ಬಂದರೆ, ಹಳೆಯ ಪ್ರತಿಕಾಯಗಳು ಅದನ್ನು ಗುರುತಿಸಿ ಅಂಟಿಕೊಳ್ಳುತ್ತವೆ, ಆದರೆ ನಿಷ್ಕ್ರಿಯಗೊಳಿಸಲಾರವು. ಕೀಲಿಕೈ ಬೀಗದೊಳಗೆ ಹೋಗುತ್ತದೆ, ತಿರುಗುವುದಿಲ್ಲ. ಇಷ್ಟೇ ಆಗಿದ್ದರೆ ನಷ್ಟವಿರಲಿಲ್ಲ. ಪ್ರತಿಕಾಯ ಅಂಟಿದ್ದನ್ನೆಲ್ಲ ನುಂಗುವುದು ಕೆಲವು ಬಿಳಿ ರಕ್ತಕಣಗಳ ಸ್ವಭಾವ. ಅವು ಈ ಜೀವಂತ ವೈರಾಣುವನ್ನೂ ನುಂಗುತ್ತವೆ. ಡೆಂಗಿ ವೈರಾಣು ಬೆಳೆಯುವುದು ಅಂತಹ ಕಣಗಳಲ್ಲಿಯೇ. ಎಂದರೆ ಕಾವಲುಗಾರನೇ ಕಳ್ಳನನ್ನು ಕೈಹಿಡಿದು ಒಳಗೆ ಕರೆತಂದಂತಾಗುತ್ತದೆ. ವೈರಾಣು ಹೆಚ್ಚಾದಂತೆ ಪ್ರತಿಕ್ರಿಯೆಯೂ ಹೆಚ್ಚಾಗಿ, ಸೋರಿಕೆಯ ಸಂಭವ ಏರುತ್ತದೆ.

1960ರ ದಶಕದಲ್ಲಿ ಬ್ಯಾಂಕಾಕಿನ ಮಕ್ಕಳನ್ನು ಅಧ್ಯಯನ ಮಾಡಿದ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಈ ವಿವರಣೆಯನ್ನು ಮುಂದಿಟ್ಟರು. ಇದಕ್ಕೆ ದೊಡ್ಡ ಪುರಾವೆ ದೊರೆತದ್ದು ದ್ವೀಪರಾಷ್ಟ್ರವಾದ ಕ್ಯೂಬಾದಲ್ಲಿ. ಅಲ್ಲಿ 1977ರಲ್ಲಿ ಡೆಂಗಿಯ ಮೊದಲನೆಯ ಬಗೆ ವ್ಯಾಪಕವಾಗಿ ಹರಡಿತು. ಕಾಯಿಲೆ ಬಹುತೇಕ ಸೌಮ್ಯವಾಗಿತ್ತು. 1981ರಲ್ಲಿ ಎರಡನೆಯ ಬಗೆ ಬಂದಿತು. 3 ಲಕ್ಷ 44 ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂದು, 10 ಸಾವಿರಕ್ಕೂ ಹೆಚ್ಚು ಪ್ರಕರಣಗಳು ತೀವ್ರವಾದವು. 158 ಮಂದಿ ಮೃತಪಟ್ಟರು, ಅವರಲ್ಲಿ 101 ಮಂದಿ ಮಕ್ಕಳು. 1997ರಲ್ಲಿ ಎರಡನೆಯ ಬಗೆ ಸ್ಯಾಂಟಿಯಾಗೊ ನಗರಕ್ಕೆ ಪುನಃ ಬಂದಾಗ, ತೀವ್ರ ಸ್ಥಿತಿಗೆ ಹೋದವರು ಬಹುತೇಕ ವಯಸ್ಕರು. 1977ರ ಸೋಂಕಿನ ನೆನಪು 20 ವರ್ಷಗಳ ನಂತರವೂ ಅವರ ರಕ್ತದಲ್ಲಿತ್ತು.

ಇದರಿಂದ ನಾವು ಕಲಿಯಬೇಕಾದುದು ಎರಡು. ಕಳೆದ ವರ್ಷಗಳಲ್ಲಿ ಡೆಂಗಿ ಕಂಡ ಗ್ರಾಮ ಸುರಕ್ಷಿತ ಗ್ರಾಮವಲ್ಲ, ಅದು ಹೆಚ್ಚಿನ ನಿಗಾ ಬೇಕಾದ ಗ್ರಾಮ. ಹಾಗೆಯೇ, ಹಿಂದೆ ಡೆಂಗಿ ಬಂದಿದ್ದ ತಾಯಿಯ ಪ್ರತಿಕಾಯಗಳು ಶಿಶುವಿಗೂ ಬಂದಿರುತ್ತವೆ. ಅವು ಕ್ಷೀಣಿಸುವ ಸುಮಾರು 6ರಿಂದ 9 ತಿಂಗಳ ಪ್ರಾಯದಲ್ಲಿ ಶಿಶುವಿಗೆ ಮೊದಲ ಸೋಂಕೇ ತೀವ್ರವಾಗಬಹುದು. ಆದ್ದರಿಂದ ಹಾಲುಗೂಸಿನ ಜ್ವರವನ್ನು ಲಘುವಾಗಿ ಕಾಣಬಾರದು. ಇಷ್ಟಾದರೂ ಎರಡನೆಯ ಬಾರಿ ಬಂದವರೆಲ್ಲರೂ ಅಪಾಯಕ್ಕೆ ಸಿಲುಕುವುದಿಲ್ಲ, ಅವರಲ್ಲಿಯೂ ಬಹುಪಾಲು ಜನ ಚೇತರಿಸಿಕೊಳ್ಳುತ್ತಾರೆ ಎಂಬುದನ್ನು ಜನರಿಗೆ ತಿಳಿಸಬೇಕು. ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ.

5. ನಂಜನಗೂಡು ಕಂಡ ಇನ್ನೊಂದು ವೈರಾಣು

2020ರ ಮಾರ್ಚ್ ಕೊನೆಯ ವಾರದಲ್ಲಿ ನಂಜನಗೂಡಿನ ಔಷಧ ತಯಾರಿಕಾ ಕಾರ್ಖಾನೆಯೊಂದರ ಉದ್ಯೋಗಿಗೆ ಕೊರೊನಾ ಸೋಂಕು ದೃಢಪಟ್ಟದ್ದು, ಸಹೋದ್ಯೋಗಿಗಳಿಗೂ ಅವರ ಸಂಪರ್ಕದವರಿಗೂ ಹರಡಿ ಸೋಂಕಿತರ ಸಂಖ್ಯೆ 70 ದಾಟಿದ್ದು, ನಂಜನಗೂಡಿನ ಹೆಸರು ರಾಜ್ಯದಾದ್ಯಂತ ಕೇಳಿಬಂದದ್ದು ತಮಗೆಲ್ಲ ನೆನಪಿದೆ. ಊರಿನ ಗಡಿಗಳಲ್ಲಿ ಬೇಲಿ ಬಿದ್ದ ದಿನಗಳವು. ಆದರೂ ಮೇ ತಿಂಗಳ ಮಧ್ಯದ ವೇಳೆಗೆ ಆ ಸೋಂಕಿತರು ಗುಣಮುಖರಾಗಿ ಮನೆ ಸೇರಿದರು. ಮರುವರ್ಷದ ಎರಡನೆಯ ಅಲೆಯಲ್ಲಿ ಅದೇ ಕಾಯಿಲೆ ನಮ್ಮ ಎಷ್ಟೋ ಮನೆಗಳ ದೀಪ ಆರಿಸಿತು. ಒಂದೇ ಮನೆಯಲ್ಲಿ ಒಬ್ಬರಿಗೆ ಶೀತದಂತೆ ಬಂದು ಹೋದದ್ದು ಮತ್ತೊಬ್ಬರನ್ನು ಎರಡನೆಯ ವಾರದಲ್ಲಿ ಆಮ್ಲಜನಕದ ಹಾಸಿಗೆಗೆ ಒಯ್ದಿತು.

ಇಲ್ಲಿಯೂ ಕಾಲದ ಲೆಕ್ಕ ಒಂದೇ ರೀತಿಯದು. ಮೊದಲ ವಾರ ವೈರಾಣುವಿನದು, ಎರಡನೆಯ ವಾರ ಅನೇಕರಲ್ಲಿ ದೇಹದ ಅತಿಪ್ರತಿಕ್ರಿಯೆಯದು. ಶ್ವಾಸಕೋಶದ ಸೂಕ್ಷ್ಮ ಗಾಳಿಚೀಲಗಳಲ್ಲಿ ಉರಿಯೂತ ಹೆಚ್ಚಿ, ದ್ರವ ತುಂಬಿ, ಆಮ್ಲಜನಕ ರಕ್ತಕ್ಕೆ ಸೇರದೆ ಹೋಗುತ್ತಿತ್ತು.

ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2020ರ ಜೂನ್‌ನಲ್ಲಿ ಪ್ರಕಟವಾಯಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ, ಹಳೆಯ ಸ್ಟಿರಾಯ್ಡ್ ವೈರಾಣುವನ್ನು ಕೊಲ್ಲುವುದಿಲ್ಲ, ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ. ವೆಂಟಿಲೇಟರ್‌ನಲ್ಲಿದ್ದ ರೋಗಿಗಳಲ್ಲಿ ಈ ಔಷಧಿ ಪಡೆಯದವರಲ್ಲಿ 100ಕ್ಕೆ ಸುಮಾರು 41 ಮಂದಿ ಸತ್ತರೆ, ಪಡೆದವರಲ್ಲಿ ಸುಮಾರು 29 ಮಂದಿ. ಆದರೆ ಆಮ್ಲಜನಕದ ಅಗತ್ಯವೇ ಇಲ್ಲದವರಲ್ಲಿ ಪ್ರಯೋಜನ ಕಾಣಲಿಲ್ಲ. ಅವರಲ್ಲಿ ಔಷಧಿ ಪಡೆದವರ ಸಾವು 100ಕ್ಕೆ ಸುಮಾರು 18, ಪಡೆಯದವರಲ್ಲಿ 14. ಹಾನಿಯ ಸಾಧ್ಯತೆಯನ್ನು ತಳ್ಳಿಹಾಕುವಂತಿರಲಿಲ್ಲ.

ಈ ಎರಡು ಜೊತೆ ಅಂಕಿಗಳಲ್ಲಿ ಇಡೀ ಪಾಠ ಅಡಗಿದೆ. ವೈರಾಣುವಿನ ಕಾಲದಲ್ಲಿ ದೇಹದ ಕಾವಲನ್ನು ತಗ್ಗಿಸಿದರೆ ನಷ್ಟ, ಕಾವಲೇ ಮಿತಿಮೀರಿದ ಕಾಲದಲ್ಲಿ ತಗ್ಗಿಸಿದರೆ ಲಾಭ. ಯಾವ ಕಾಲ ಯಾವುದೆಂದು ತೀರ್ಮಾನಿಸಬೇಕಾದವರು ವೈದ್ಯರು. 2021ರಲ್ಲಿ ಅಳತೆಯಿಲ್ಲದೆ ಸ್ಟಿರಾಯ್ಡ್ ಬಳಸಿದ್ದು ಮತ್ತು ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಸೇರಿ ಕಪ್ಪು ಶಿಲೀಂಧ್ರ ರೋಗಕ್ಕೆ ದಾರಿಯಾದುದನ್ನು ನಾವು ಕಂಡಿದ್ದೇವೆ. ಡೆಂಗಿಗಂತೂ ಈ ಸೂತ್ರ ಅನ್ವಯಿಸುವುದಿಲ್ಲ. ಡೆಂಗಿಯಲ್ಲಿ ಸ್ಟಿರಾಯ್ಡ್‌ನಿಂದ ಪ್ರಯೋಜನ ಸಾಬೀತಾಗಿಲ್ಲ, ಅದನ್ನು ಸಾಮಾನ್ಯ ಚಿಕಿತ್ಸೆಯಾಗಿ ನೀಡಬಾರದು. ಅಲ್ಲಿ ದ್ರವದ ನಿರ್ವಹಣೆಯೇ ಚಿಕಿತ್ಸೆ.

6. ಜನರಿಗೆ ತಿಳಿಹೇಳಬೇಕಾದ ಮಾತುಗಳು

ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ಪ್ರಚಾರದೊಂದಿಗೆ ಪುಡಿ, ಕಷಾಯ, ಮಾತ್ರೆಗಳು ಮಾರಾಟವಾಗುತ್ತಿವೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ದೇಹಕ್ಕೆ ಬೇಕಾದುದು ಮಿತಿಯಲ್ಲಿರುವ, ಸಮಯಕ್ಕೆ ನಿಲ್ಲುವ ಶಕ್ತಿ. ಪೌಷ್ಟಿಕ ಆಹಾರ, ನಿದ್ರೆ, ನಿಗದಿತ ಲಸಿಕೆಗಳು ಇದಕ್ಕೆ ಸಾಕು.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ಹೇಳಿದ ಪ್ರಮಾಣದಲ್ಲಿ. ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. "ಒಂದು ಸೂಜಿ ಹಾಕಿಸಿದರೆ ಜ್ವರ ಬಿಡುತ್ತದೆ" ಎಂಬ ಆಸೆಯಿಂದ ಅರ್ಹತೆಯಿಲ್ಲದವರ ಬಳಿ ಹೋಗುವುದನ್ನು ತಡೆಯಬೇಕು. ಆ ಸೂಜಿ ಜ್ವರವನ್ನು ಮರೆಮಾಡುತ್ತದೆ, ಸೋರಿಕೆಯನ್ನು ನಿಲ್ಲಿಸುವುದಿಲ್ಲ.

ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡಿ ಹೆದರುವುದೂ, ಅದು ಚೆನ್ನಾಗಿದೆಯೆಂದು ಮೈಮರೆಯುವುದೂ ಸರಿಯಲ್ಲ. ಪ್ಲೇಟ್‌ಲೆಟ್ ಇಳಿಯುವುದರ ಜೊತೆಗೆ ಹಿಮಟೋಕ್ರಿಟ್ ಏರುತ್ತಿದೆಯೇ ಎಂಬುದು ಮುಖ್ಯ. ರಕ್ತಸ್ರಾವವಿಲ್ಲದಿದ್ದರೆ ಬಹುಪಾಲು ರೋಗಿಗಳಿಗೆ ಪ್ಲೇಟ್‌ಲೆಟ್ ಕೊಡಿಸುವ ಅಗತ್ಯ ಬೀಳುವುದಿಲ್ಲ. ಪರಂಗಿ ಎಲೆಯ ರಸವನ್ನು ನೆಚ್ಚಿಕೊಂಡು ಆಸ್ಪತ್ರೆಗೆ ಹೋಗುವುದನ್ನು ತಡಮಾಡಬಾರದು.

ಮನೆಯಲ್ಲಿರುವ ರೋಗಿಗೆ ಓ.ಆರ್.ಎಸ್., ಗಂಜಿ, ಮಜ್ಜಿಗೆ, ಎಳನೀರನ್ನು ಆಗಾಗ್ಗೆ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಕೆಳಗಿನ ಯಾವುದೇ ಒಂದು ಲಕ್ಷಣ ಕಂಡರೂ, ಜ್ವರವಿರಲಿ ಇಲ್ಲದಿರಲಿ, ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು:

– ಬಿಡದ ಹೊಟ್ಟೆನೋವು
– ಪದೇಪದೇ ವಾಂತಿ, ಕುಡಿದದ್ದು ನಿಲ್ಲದಿರುವುದು
– ಮೂಗು, ವಸಡಿನಲ್ಲಿ ರಕ್ತ, ಕಪ್ಪು ಮಲ, ಮುಟ್ಟಿನಲ್ಲಿ ಅಧಿಕ ರಕ್ತಸ್ರಾವ
– ಕೈಕಾಲು ತಣ್ಣಗಾಗಿ ಬೆವರುವುದು
– 4ರಿಂದ 6 ಗಂಟೆ ಮೂತ್ರ ಹೋಗದಿರುವುದು
– ಅತಿಯಾದ ಮಂಪರು ಅಥವಾ ಚಡಪಡಿಕೆ
– ಏದುಸಿರು, ಹೊಟ್ಟೆ ಉಬ್ಬರ

7. ಪಂಚಾಯತಿ ಏನು ಮಾಡಬಹುದು

ಸೊಳ್ಳೆ ನಿಯಂತ್ರಣ ನಮ್ಮ ಮೊದಲ ಕರ್ತವ್ಯವಾಗಿಯೇ ಉಳಿಯುತ್ತದೆ. ಸೋಂಕೇ ಇಲ್ಲದಿದ್ದರೆ ಅತಿಪ್ರತಿಕ್ರಿಯೆಯೂ ಇಲ್ಲ. 2006ರಲ್ಲಿ ಚಿಕುನ್‌ಗುನ್ಯ ತಂದು ನಮ್ಮ ಊರುಗಳ ಜನರನ್ನು ತಿಂಗಳುಗಟ್ಟಲೆ ಕೀಲುನೋವಿನಲ್ಲಿ ನರಳಿಸಿದ ಈಡಿಸ್ ಸೊಳ್ಳೆಯೇ ಡೆಂಗಿಯನ್ನೂ ಹರಡುತ್ತದೆ. ಅದು ಹಗಲಿನಲ್ಲಿ ಕಚ್ಚುತ್ತದೆ, ಮನೆಯ ಸುತ್ತಲಿನ ಶುದ್ಧ ನೀರಿನಲ್ಲಿ ಬೆಳೆಯುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಮೊಟ್ಟೆಗಳು ನೀರಿನ ಮಟ್ಟದ ಮೇಲಿನ ಗೋಡೆಗೆ ಅಂಟಿಕೊಂಡು, ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆ. ಆದ್ದರಿಂದ ಡ್ರಮ್ಮು, ತೊಟ್ಟಿ, ದನಗಳ ಬಾನಿಯನ್ನು ಖಾಲಿ ಮಾಡಿದರೆ ಸಾಲದು, ವಾರಕ್ಕೊಮ್ಮೆ ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಧೂಮೀಕರಣವು ಆ ಹೊತ್ತಿನಲ್ಲಿ ಹಾರುತ್ತಿರುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ, ನೀರಿನಲ್ಲಿರುವ ಮರಿಗಳನ್ನಲ್ಲ.

ಇದಕ್ಕೂ ನಮ್ಮ ನೀರು ಸರಬರಾಜಿಗೂ ನೇರ ಸಂಬಂಧವಿದೆ. ನಲ್ಲಿ ನೀರು ಯಾವಾಗ ಬರುತ್ತದೆಂದು ತಿಳಿಯದ ಬೀದಿಯಲ್ಲಿ ಗೃಹಿಣಿ ನಾಲ್ಕು ಡ್ರಮ್ಮು ತುಂಬಿಡುತ್ತಾಳೆ, ಅದರಲ್ಲಿ ತಪ್ಪಿಲ್ಲ. ನೀರಗಂಟಿಯವರು ನಿಗದಿತ ದಿನ, ನಿಗದಿತ ಗಂಟೆಗೆ ನೀರು ಬಿಡುವ ವೇಳಾಪಟ್ಟಿಯನ್ನು ಪ್ರಕಟಿಸಿ ಪಾಲಿಸಿದರೆ ಡ್ರಮ್ಮುಗಳು ತಾವಾಗಿಯೇ ಕಡಿಮೆಯಾಗುತ್ತವೆ. ಇದಕ್ಕೆ ಹೆಚ್ಚುವರಿ ಅನುದಾನ ಬೇಕಿಲ್ಲ.

2024ರಲ್ಲಿ ರಾಜ್ಯದ ಡೆಂಗಿ ಪ್ರಕರಣಗಳು ಸೆಪ್ಟೆಂಬರ್ ಆರಂಭದ ವೇಳೆಗೆ 24 ಸಾವಿರ ದಾಟಿದಾಗ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವವರಿಗೆ ಗ್ರಾಮೀಣ ಪ್ರದೇಶದಲ್ಲಿ ಮನೆಗಳಿಗೆ 200, ವಾಣಿಜ್ಯ ಸ್ಥಳಗಳಿಗೆ 500, ನಿರ್ಮಾಣ ಹಂತದ ಕಟ್ಟಡ ಹಾಗೂ ಖಾಲಿ ಜಾಗಗಳಿಗೆ 1,000 ರೂಪಾಯಿ ದಂಡವನ್ನು ಆ ನಿಯಮಗಳು ನಿಗದಿಪಡಿಸಿದವು. ದಂಡಕ್ಕಿಂತ ಮೊದಲು ನಮ್ಮದೇ ಪಂಚಾಯತಿ ಕಟ್ಟಡದ, ಶಾಲೆಯ, ಅಂಗನವಾಡಿಯ ಮೇಲ್ಛಾವಣಿ ಹಾಗೂ ತೊಂಬೆಗಳನ್ನು ಪರಿಶೀಲಿಸುವುದು ಯೋಗ್ಯ.

ಇದೆಲ್ಲದರ ಜೊತೆಗೆ ಸೇರಿಸಬೇಕಾದ ಹೊಸ ಕೆಲಸ ಒಂದೇ: ದಿನ ಎಣಿಸುವುದು. ಪ್ರತಿ ವಾರ್ಡಿಗೆ ಒಂದು ಪುಸ್ತಕವಿರಲಿ. ಅದರಲ್ಲಿ ಜ್ವರ ಆರಂಭವಾದ ದಿನ, ಪರೀಕ್ಷೆಯ ದಿನ, ಜ್ವರ ಬಿಟ್ಟ ದಿನ ಎಂಬ ಮೂರು ಅಂಕಣಗಳಿರಲಿ. ಮೂರನೆಯ ದಿನದಿಂದ ಏಳನೆಯ ದಿನದವರೆಗೆ ನಿತ್ಯ ಒಮ್ಮೆ ಆಶಾ ಕಾರ್ಯಕರ್ತೆಯರಾಗಲಿ ವಾರ್ಡಿನ ಸದಸ್ಯರಾಗಲಿ ಭೇಟಿ ನೀಡಬೇಕು ಅಥವಾ ದೂರವಾಣಿ ಕರೆ ಮಾಡಬೇಕು. ಜ್ವರ ಬಿಟ್ಟ ದಿನದಿಂದ ಎರಡು ದಿನ ಬೆಳಿಗ್ಗೆ, ಸಂಜೆ ಎರಡು ಬಾರಿ ವಿಚಾರಿಸಬೇಕು. ಕೇಳಬೇಕಾದ ಪ್ರಶ್ನೆಗಳು ನಾಲ್ಕೇ: ಮೂತ್ರ ಹೋಯಿತೇ? ಹೊಟ್ಟೆ ನೋಯುತ್ತಿದೆಯೇ? ಕುಡಿದದ್ದು ನಿಲ್ಲುತ್ತಿದೆಯೇ? ಕೈಕಾಲು ಬೆಚ್ಚಗಿವೆಯೇ? ಈ ಪ್ರಶ್ನೆ ಕೇಳಲು ವೈದ್ಯಕೀಯ ಪದವಿ ಬೇಕಾಗಿಲ್ಲ. ರೋಗಿಯ ಹೆಸರು ಹಾಗೂ ಪರೀಕ್ಷಾ ವಿವರಗಳು ಪುಸ್ತಕದಾಚೆ ಹೋಗದಂತೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡದಂತೆ ನೋಡಿಕೊಳ್ಳುವುದೂ ನಮ್ಮ ಹೊಣೆ.

ರಾತ್ರಿ ವೇಳೆ ವಾಹನ ದೊರೆಯದ ಹಾಡಿ, ಕಾಲೋನಿ, ತೋಟದ ಮನೆಗಳ ಪಟ್ಟಿಯನ್ನು ಮುಂಚಿತವಾಗಿ ಸಿದ್ಧಪಡಿಸಬೇಕು. 108 ತಡವಾದರೆ ಯಾರ ವಾಹನ, ಯಾವ ಆಸ್ಪತ್ರೆ ಎಂಬುದನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಈಗಲೇ ತೀರ್ಮಾನಿಸಿಡಬೇಕು. ಕಟಾವು, ನಾಟಿಯ ದಿನಗಳಲ್ಲಿ ಜ್ವರ ಬಿಟ್ಟ ಮರುದಿನವೇ ಕೂಲಿಗೆ ಹೊರಡುವವರಿದ್ದಾರೆ. ಅವರ ಮನೆಗೆ ಎರಡು ದಿನ ವಿಶ್ರಾಂತಿಯ ಮಹತ್ವವನ್ನು ಸದಸ್ಯರೇ ಹೋಗಿ ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಸಭೆಯಲ್ಲಿ ಚರ್ಚಿಸಲು

1. ಕಳೆದ ಮೂರು ವರ್ಷಗಳಲ್ಲಿ ನಮ್ಮ ಯಾವ ಗ್ರಾಮಗಳಲ್ಲಿ ಡೆಂಗಿ ದೃಢಪಟ್ಟಿತ್ತು? ಈ ವರ್ಷ ಅಲ್ಲಿ ಹೆಚ್ಚಿನ ನಿಗಾಕ್ಕೆ ಏನು ವ್ಯವಸ್ಥೆ ಇದೆ?
2. ನಮ್ಮ ವ್ಯಾಪ್ತಿಯಲ್ಲಿ ನೀರು ಬಿಡುವ ವೇಳಾಪಟ್ಟಿ ಇಲ್ಲದ ಬೀದಿಗಳು ಯಾವುವು?
3. ಜ್ವರ ಬಿಟ್ಟ ಮೇಲಿನ ಎರಡು ದಿನ ರೋಗಿಯನ್ನು ಯಾರು ವಿಚಾರಿಸುತ್ತಾರೆ? ಪ್ರತಿ ವಾರ್ಡಿಗೂ ಒಬ್ಬರ ಹೆಸರು ಹೇಳಬಲ್ಲೆವೇ?

ಮೂರನೆಯ ಪ್ರಶ್ನೆಗೆ ಅಂದು ನಮ್ಮ ಪಂಚಾಯತಿಯಲ್ಲಿ ಉತ್ತರವಿರಲಿಲ್ಲ. ಪೈಪು ಒಡೆದು ನಾನು ಆ ಬೀದಿಗೆ ಹೋದದ್ದು, ಆಶಾ ಕಾರ್ಯಕರ್ತೆ ಜೊತೆಗಿದ್ದದ್ದು ಎರಡೂ ಆಕಸ್ಮಿಕ. ಒಂದು ಮಗುವಿನ ಪ್ರಾಣ ಆಕಸ್ಮಿಕದ ಮೇಲೆ ನಿಲ್ಲಬಾರದು. ಈ ಮಳೆಗಾಲಕ್ಕೆ ಮುನ್ನ ಪ್ರತಿ ಪಂಚಾಯತಿಯೂ ಮೂರನೆಯ ಪ್ರಶ್ನೆಗೆ ಹೆಸರುಗಳ ಪಟ್ಟಿಯ ರೂಪದಲ್ಲಿ ಉತ್ತರ ಸಿದ್ಧಪಡಿಸಿಕೊಳ್ಳಬೇಕೆಂದು ವಿನಂತಿಸುತ್ತೇನೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ